ಹಕ್ಕಿಯ ಕೆಳಗಿನ ಗೋಡೆ

ಮಾರ್ಚ್ 6, 1927

ಮನುಷ್ಯರನ್ನು ನಿಲ್ಲಿಸಿ ಗುಂಡಿಕ್ಕುವುದನ್ನು ಇವತ್ತು ಮೊದಲ ಸಲ ನೋಡಿದೆ. ಇಬ್ಬರು. ಒಬ್ಬನ ಹೆಸರು ಮೆಲಿತೋನ್ ಅಂತೆ, ಗಾರೆ ಕೆಲಸದವನು. ಇನ್ನೊಬ್ಬನ ಹೆಸರು ಯಾರೂ ಹೇಳಲಿಲ್ಲ. ಬೆಟ್ಟದ ಬಂಡುಕೋರರ ಕುದುರೆಗಳಿಗೆ ಮೇವು ಕೊಟ್ಟಿದ್ದು ಅಪರಾಧ. ಮೆಲಿತೋನ್ ‘ಕ್ರಿಸ್ತರಾಜನಿಗೆ ಜಯ’ ಎಂದು ಕೂಗಲು ಹೋದ, ಅರ್ಧಕ್ಕೇ ಕೆಮ್ಮು ಬಂತು. ಕೆಮ್ಮುತ್ತಿರುವಾಗಲೇ ಹೊಡೆದರು. ಅವನ ಒಂದು ಚಪ್ಪಲಿ ಹಾರಿ ನನ್ನ ಟ್ರಂಕಿನ ಪಕ್ಕ ಬಿತ್ತು. ನಾನು ಆಗಷ್ಟೇ ಗಾಡಿಯಿಂದ ಸಾಮಾನು ಇಳಿಸುತ್ತಿದ್ದೆ. ಅದನ್ನೆತ್ತಿ ಟ್ರಂಕಿನೊಳಗೆ ಇಟ್ಟೆ.

ನನ್ನನ್ನು ಇಲ್ಲಿಗೆ ಕಳಿಸಿರುವುದು ರಾಜಧಾನಿಯ ಕಚೇರಿ. ಈ ಹಳೆಯ ಮಠದ ಅಳತೆ ತೆಗೆದು ನಕ್ಷೆ ಬರೆಯಬೇಕು, ಗೋಡೆಚಿತ್ರಗಳಲ್ಲಿ ಏನು ಉಳಿದಿದೆ ಎಂದು ತಿಳಿಸಬೇಕು. ಅಗಸ್ಟೀನ್ ಪಂಥದ ಸನ್ಯಾಸಿಗಳು ಸ್ಪೇನಿನಿಂದ ಬಂದ ಹೊಸದರಲ್ಲಿ ಇಲ್ಲಿಯ ಮೂಲನಿವಾಸಿಗಳ ಬೆನ್ನು ಮುರಿದು ಕಟ್ಟಿಸಿದ ಮಠ ಇದು. ನನ್ನಜ್ಜನ ಕಾಲದಲ್ಲಿ ಸರ್ಕಾರ ಸನ್ಯಾಸಿಗಳನ್ನು ಹೊರಗೆ ಹಾಕಿತು. ಆಮೇಲೆ ಜೈಲಾಯಿತು, ಕಣಜವಾಯಿತು, ಈಗ ಸೈನ್ಯದ ಠಾಣೆ. ಉಳಿದಿದ್ದ ಚರ್ಚಿಗೂ ಕಳೆದ ವರ್ಷ ಬೀಗ ಬಿತ್ತು. ಬಿಷಪ್ಪರಿಗೂ ಸರ್ಕಾರಕ್ಕೂ ಜಗಳವಾಗಿ ದೇಶದಲ್ಲೆಲ್ಲ ಪೂಜೆ ನಿಂತಿದೆ. ಠಾಣೆಯ ಕ್ಯಾಪ್ಟನ್ ಬೆರುಮೆನ್ ಚರ್ಚಿನೊಳಗೆ ಕುದುರೆಗಳಿಗೆ ಜೋಳ ತುಂಬಿಸಿದ್ದಾನೆ. ಬೆಟ್ಟದ ಮೇಲೆ ಪಾದ್ರಿಗಳ ಪರವಾಗಿ ಬಂದೂಕು ಹಿಡಿದ ರೈತರು, ಕೆಳಗೆ ಇವರು. ನಡುವೆ ನಾನು, ಅಳತೆಪಟ್ಟಿ ಹಿಡಿದುಕೊಂಡು.

ದೇವದೂತನ ಮೂಗಿನ ವಿಷಯ ಬರೆಯಲು ನಾಚಿಕೆಯಾಗುತ್ತದೆ. ಆ ಇಬ್ಬರನ್ನು ನಿಲ್ಲಿಸಿದ್ದು ಹೊರ ಅಂಗಳದ ಮೂಲೆಯಲ್ಲಿರುವ ಚಿಕ್ಕ ಗುಡಿಗೆ ಬೆನ್ನು ಮಾಡಿಸಿ. ಗುಡಿಯ ಮೇಲೊಬ್ಬ ಕಲ್ಲಿನ ದೇವದೂತ. ಕೆತ್ತಿದವನು ಅವನಿಗೆ ತನ್ನ ಕೇರಿಯ ಹುಡುಗನ ಮುಖವನ್ನೇ ಕೊಟ್ಟಿದ್ದಾನೆ. ಒಂದು ಗುಂಡು ಅವನ ಮೂಗನ್ನು ಒಯ್ದಿತು. ಇಬ್ಬರು ಸತ್ತ ದಿನ ಕಲ್ಲಿನ ಮೂಗಿಗೆ ಅಳುವುದು ಮನುಷ್ಯನ ಲಕ್ಷಣವಲ್ಲ. ನಾಳೆ ನೋಡಿದರಾಯಿತು.

ಮಾರ್ಚ್ 10

ಅಡುಗೆಮನೆ ನಿಕನೋರಾಳದು. ಸೈನ್ಯ ಬರುವ ಮೊದಲು ಇಲ್ಲಿಯ ಪಾದ್ರಿ ಅಪೊಲೋನಿಯೊಗೆ ಬೇಯಿಸಿ ಹಾಕುತ್ತಿದ್ದಳು. ಆತ ಬೆಟ್ಟಕ್ಕೆ ಓಡಿಹೋದನೆಂದು ಎಲ್ಲರೂ ಹೇಳುತ್ತಾರೆ. ಈಗ ಅದೇ ಒಲೆ, ಅದೇ ಮಡಕೆ, ಉಣ್ಣುವವರು ಮಾತ್ರ ಬೇರೆ. ವಯಸ್ಸು ಅರವತ್ತರ ಮೇಲಿರಬೇಕು. ನಾಲಿಗೆಗೆ ಇನ್ನೂ ವಯಸ್ಸಾಗಿಲ್ಲ.

“ಹಳೇ ಬ್ರೆಡ್ ಇದೆಯಾ ಅಮ್ಮ?” ಎಂದು ಕೇಳಿದೆ.

“ಯಾಕೆ, ಬಿಸೀದು ಗಂಟಲಲ್ಲಿ ಇಳಿಯಲ್ವಾ?”

“ತಿನ್ನೋಕಲ್ಲ. ಗೋಡೆ ಒರೆಸೋಕೆ.”

ಒಲೆ ಊದುವುದನ್ನು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಬ್ರೆಡ್ಡಲ್ಲಿ ಗೋಡೆ ಒರೆಸ್ತೀರಾ? ನಿಮ್ಮವ್ವ ನೋಡಿದ್ರೆ ಬೆನ್ನಿಗೆ ನಾಕು ಬಿಡ್ತಿದ್ರು ಸಾಹೇಬ್ರೇ. ತಿನ್ನೋ ಪದಾರ್ಥ ಅದು.”

ನೀರು ತಾಗಿದರೆ ಬಣ್ಣ ಎದ್ದು ಬರುತ್ತದೆ, ಬ್ರೆಡ್ಡಿನ ತಿರುಳನ್ನು ಉಂಡೆ ಮಾಡಿ ಉಜ್ಜಿದರೆ ಕೊಳೆ ಮಾತ್ರ ಬರುತ್ತದೆ ಎಂದು ವಿವರಿಸಿದೆ. ನಂಬಲಿಲ್ಲ, ಆದರೂ ಕೊಟ್ಟಳು. ಕೊಡುವ ಮೊದಲು ಬ್ರೆಡ್ಡಿಗೆ ಮುತ್ತಿಟ್ಟಳು.

ಮೆಲಿತೋನ್ ಅವಳ ಅಕ್ಕನ ಮಗನಂತೆ. ಸಾರ್ಜೆಂಟ್ ಹೇಳಿ ಗೊತ್ತಾಯಿತು. ಟ್ರಂಕಿನಲ್ಲಿ ಎತ್ತಿಟ್ಟಿದ್ದ ಆ ಚಪ್ಪಲಿಯನ್ನು ತಂದು ಕೊಟ್ಟೆ. ಅವಳು ಅದರ ಮಣ್ಣನ್ನು ಸೆರಗಿನಲ್ಲಿ ಒರೆಸಿ ಒಲೆಯ ಮೇಲಿನ ಗೂಡಿನಲ್ಲಿ ಇಟ್ಟಳು. ಸಂಜೆ ನನ್ನ ಜೋಳದ ಗಂಜಿಗೆ ಬೆಲ್ಲ ಹೆಚ್ಚಾಗಿತ್ತು.

ಪಾಪ, ಮೊಣಕಾಲು ಸರಿಯಿಲ್ಲ ಅವಳಿಗೆ. ಚರ್ಚಿನಿಂದ ಜೋಳದ ಬುಟ್ಟಿಯನ್ನೂ ಒಂದು ಖಾಲಿ ಮಡಕೆಯನ್ನೂ ಹೊತ್ತು ಒಳ ಪಡಸಾಲೆಯಲ್ಲಿ ಬರುವಾಗ ಬಲಗಾಲು ತಟಕ್ಕನೆ ಮಡಚಿಹೋಗುತ್ತದೆ. ಬಿದ್ದೇಬಿಟ್ಟಳು ಅನ್ನುವಷ್ಟರಲ್ಲಿ ಸುಧಾರಿಸಿಕೊಂಡು ಏಳುತ್ತಾಳೆ. ಈ ಗೋಡೆಗಳ ಶೀತ ಅಂಥದ್ದು. ನನ್ನ ಆರ್ನಿಕಾ ಮುಲಾಮಿನ ಡಬ್ಬಿಯನ್ನೇ ಕೊಟ್ಟುಬಿಟ್ಟೆ.

ಮಾರ್ಚ್ 17

ಸಿಕ್ಕಿತು. ಇಷ್ಟು ವರ್ಷದ ಕೆಲಸದಲ್ಲಿ ಇಂಥದ್ದು ಸಿಕ್ಕಿರಲಿಲ್ಲ.

ಚರ್ಚಿಗೆ ಅಂಟಿಕೊಂಡಿರುವ ಪಡಸಾಲೆಯ ಗೋಡೆ ಒಂದಾಳು ಅಡ್ಡ ಮಲಗುವಷ್ಟು ದಪ್ಪ. ಆ ದಪ್ಪದೊಳಗೇ ಸನ್ಯಾಸಿಗಳು ಪಾಪನಿವೇದನೆ ಕೇಳುವ ಗೂಡುಗಳನ್ನು ಮಾಡಿಕೊಂಡಿದ್ದರು. ಪಡಸಾಲೆಯ ಕಡೆಯಿಂದ ಸನ್ಯಾಸಿ ಒಳಹೋಗಲು ಬಾಗಿಲು, ಚರ್ಚಿನ ಕಡೆ ಪಾಪ ಹೇಳಿಕೊಳ್ಳುವವರಿಗೆ ಒಂದು ಕಿಂಡಿ. ಅಂಥ ಮೂರು ಗೂಡುಗಳಿವೆ, ಪ್ರತಿ ಬಾಗಿಲ ಮೇಲೂ ಅರ್ಧಚಂದ್ರಾಕಾರದಲ್ಲಿ ಒಬ್ಬ ಸಂತನ ಚಿತ್ರ. ಅದರಾಚೆ ಬರಿಯ ಸುಣ್ಣದ ಗೋಡೆ. ಸುಮ್ಮನೆ ಕೆರೆದು ನೋಡಿದೆ. ಅಲ್ಲೂ ಒಂದು ಅರ್ಧಚಂದ್ರ. ಒಳಗೆ ಹಾಸಿಗೆಯಲ್ಲಿ ಮಲಗಿದ ಸಂತ ನಿಕೊಲಾಸ್, ಕೈಯಲ್ಲಿ ತಟ್ಟೆ, ತಟ್ಟೆಯಿಂದ ತಲೆ ಎತ್ತಿರುವ ಒಂದು ಹಕ್ಕಿ. ಮಸಿ, ಕೆಮ್ಮಣ್ಣು, ಅಷ್ಟೇ ಬಣ್ಣ. ಆದರೆ ಆ ಹಕ್ಕಿಯ ಕಣ್ಣು. ಬರೆದವನು ಸ್ಪೇನಿನ ಕೌಜುಗ ನೋಡಿರಲಿಲ್ಲ, ತನ್ನ ಹೊಲದ ಹಕ್ಕಿಯನ್ನೇ ಜುಟ್ಟಿನ ಸಮೇತ ತಟ್ಟೆಗೆ ಹಾಕಿದ್ದಾನೆ.

ಸಂತೋಷ ತಡೆಯಲಾಗದೆ ನಿಕನೋರಾಳನ್ನು ಕೈಹಿಡಿದು ಎಳೆದು ತಂದೆ. ಅವಳ ಮುಖ ಬಿಳಿಚಿಕೊಂಡಿತು, ಆಮೇಲೆ ಹಕ್ಕಿಯನ್ನು ನೋಡಿ ನಕ್ಕಳು.

“ಸಂತಪ್ಪಂಗೆ ಕಾಯಿಲೆ, ಮಾಂಸ ತಿನ್ನು ಅಂತ ಹುರಿದ ಹಕ್ಕಿ ತಂದಿಟ್ರು. ಅವರು ಹುಟ್ಟಿದಾಗಿಂದ ಮಾಂಸ ಮುಟ್ದೋರಲ್ಲ. ಅದರ ಮೇಲೆ ಕೈ ಆಡಿಸಿದ್ರು. ಬೆಂದ ಹಕ್ಕಿ ಎದ್ದು ಹಾರೋಯ್ತು. ನಮ್ಮಜ್ಜಿ ಹೇಳೋರು. ಚಿತ್ರ ಇಲ್ಲಿತ್ತು ಅಂತ ನಂಗೂ ಗೊತ್ತಿರ್ಲಿಲ್ಲ ನೋಡಿ.” ಆಮೇಲೆ, “ಕೆಳಗೂ ಕೆರೀತೀರಾ ಸಾಹೇಬ್ರೇ?” ಎಂದಳು.

ಕೆಳಗೆ ಏನೂ ಇರಲಾರದು ಅಂದೆ. ತಟ್ಟೆಯ ಕೆಳಗಿನ ಸುಣ್ಣ ಗಟ್ಟಿ, ಬೆರಳಿಗೆ ಹತ್ತುವುದಿಲ್ಲ.

ಮಾರ್ಚ್ 19

ಬೆಳಿಗ್ಗೆ ಮೂವರು. ಮತ್ತೆ ಅದೇ ಗುಡಿಯ ಮುಂದೆ. ಈ ಸಲ ದೇವದೂತನ ಎಡ ರೆಕ್ಕೆಯ ತುದಿ, ಕೆಳಗಿನ ದ್ರಾಕ್ಷಿಬಳ್ಳಿಯ ಕೆತ್ತನೆ ಎರಡೂ ಹೋದವು. ನನಗೆ ತಲೆ ಕೆಟ್ಟುಹೋಯಿತು. ಮುಖಕ್ಕೆ ಹಚ್ಚಿದ ಸೋಪನ್ನೂ ತೊಳೆಯದೆ ಅಂಗಳಕ್ಕೆ ನುಗ್ಗಿದೆ.

ಬೆರುಮೆನ್ ಉತ್ತರದ ಮರುಭೂಮಿಯವನು. ಕುಂಬಳಬೀಜ ಸುಲಿದು ತಿನ್ನುತ್ತ ನಿಂತಿದ್ದ. “ಅಲ್ರೀ ಇಂಜಿನಿಯರ್ರ, ಮೂಗಿಲ್ಲಂದ್ರ ಏನಾತು, ಉಸಿರಾಡ್ತಾನೇನ್ ಅವ?”

ಇದು ಸರ್ಕಾರದ ಆಸ್ತಿ, ಕಾಗದ ತೋರಿಸುತ್ತೇನೆ ಅಂದೆ.

“ಕಾಗದ ನನ್ನ ಹತ್ರನೂ ಅದ. ಮನಷಾನ್ನ ಗಾಳ್ಯಾಗ ನಿಲ್ಲಿಸಿ ಹೊಡ್ಯಾಕ ಬರೂದಿಲ್ಲ, ಬೆನ್ನಿಗೊಂದು ಗ್ವಾಡಿ ಬೇಕು. ನಿಮಗ ಬ್ಯಾಡಾದ ಗ್ವಾಡಿ ಯಾವ್ದು, ತೋರಸ್ರಿ.”

ಹಣ್ಣಿನ ತೋಟದ ಹಿಂದಿನ ಗೋಡೆ ತೋರಿಸಿದೆ. ಬರೀ ಹಸಿ ಇಟ್ಟಿಗೆ, ಕಣಜವಾಗಿದ್ದ ಕಾಲದ್ದು, ಯಾವ ಮಹತ್ವವೂ ಇಲ್ಲ. ಅವನು ನಡೆದು ಹೋಗಿ, ಅಂಗೈಯಿಂದ ತಟ್ಟಿ ನೋಡಿ, “ಚಲೋ ಅದ” ಎಂದ.

ಹಟ ಹಿಡಿದರೆ ಸೈನ್ಯದವರೂ ಮಾತು ಕೇಳುತ್ತಾರೆ. ಮೂವರಲ್ಲಿ ಒಬ್ಬ ತುಂಬ ಚಿಕ್ಕವನಂತೆ. ನಾನು ಸರಿಯಾಗಿ ನೋಡಲಿಲ್ಲ.

ಮಾರ್ಚ್ 31

ಬೆಟ್ಟದವರು ಕಣಿವೆಯಲ್ಲಿ ಗಸ್ತಿನವರ ಮೇಲೆ ಬಿದ್ದರು. ಸಿಕ್ಕ ಸೈನಿಕರ ಕಿವಿ ಕೊಯ್ದು, ಚೀಲದಲ್ಲಿ ಹಾಕಿ ಕತ್ತೆಯ ಮೇಲೆ ಕಳಿಸಿದ್ದಾರೆ. ಕ್ಯಾಪ್ಟನ್ ಚೀಲವನ್ನು ಊಟದ ಮೇಜಿನ ಮೇಲೆ ಸುರುವಿದ. ಸಾರ್ಜೆಂಟ್ ತನ್ನ ತಮ್ಮನ ಕಿವಿಯನ್ನು ಓಲೆಯ ತೂತಿನಿಂದ ಗುರುತಿಸಿದ. ಮಧ್ಯಾಹ್ನದಿಂದ ತೋಟದ ಕಡೆ ಗುಂಡಿನ ಸದ್ದು ನಿಂತಿಲ್ಲ. ಮದ್ದುಗುಂಡು ಉಳಿಸಲು ಕೆಲವರನ್ನು ಪೇರಳೆ ಮರಕ್ಕೆ ನೇತುಹಾಕಿದರು.

ಪಡಸಾಲೆಯ ಮೂರನೇ ಕಮಾನಿನವರೆಗೆ ನಕ್ಷೆ ಮುಗಿಯಿತು. ಸದ್ದಿಗೆ ಗೆರೆ ಅಲುಗುತ್ತದೆ, ಅದೊಂದು ಕಿರಿಕಿರಿ.

ಏಪ್ರಿಲ್ 4

ಹೊರಗಿನ ಅಳತೆಗೂ ಒಳಗಿನ ಅಳತೆಗೂ ತಾಳೆಯಾಗುತ್ತಿಲ್ಲ. ಹಕ್ಕಿಯ ಕೆಳಗೆ ಗೋಡೆ ಟೊಳ್ಳು. ನಾಲ್ಕನೇ ಗೂಡು ಅಲ್ಲಿರಲೇಬೇಕು, ಬಾಗಿಲು ಮುಚ್ಚಿದ್ದಾರೆ, ಮುಚ್ಚಿ ಬಹಳ ದಿನವಾಗಿಲ್ಲ. ಸುಣ್ಣಕ್ಕೆ ಪಾಪಸುಕಳ್ಳಿಯ ಲೋಳೆ ಬೆರೆಸಿದರೆ ಮಾತ್ರ ಬೆರಳಿಗೆ ಹತ್ತದಷ್ಟು ಗಟ್ಟಿಯಾಗುತ್ತದೆ. ಊರಿನ ಗಾರೆಯವರ ಕೈಕೆಲಸ ಅದು.

ಅದನ್ನೇ ಯೋಚಿಸುತ್ತ ನಿಂತಿದ್ದಾಗ ನಿಕನೋರಾ ಬುಟ್ಟಿ ಹೊತ್ತು ಬಂದಳು. ಹಕ್ಕಿಯ ಮುಂದೆ ಅವಳ ಬಲಗಾಲು ಮಡಚಿತು. ಬುಟ್ಟಿ ಇಸಿದುಕೊಂಡು ನಾನೇ ಹೊತ್ತೆ. ಅವಳು ಬರಿಗೈಯಲ್ಲಿ ಬಿಸಿಲಿಗೆ ಒಣಹಾಕಿದ ಬಟ್ಟೆ ತರಲು ವಾಪಸು ಹೋದಳು. ಅಲ್ಲೇ ಮತ್ತೆ ಮಡಚಿತು. ಬೇರೆಲ್ಲೂ ಇಲ್ಲ. ಮೆಟ್ಟಿಲು ಹತ್ತುವಾಗ ಅವಳು ಆಡಿನಂತೆ ಹತ್ತುತ್ತಾಳೆ.

ನಾನು ದೇವರು ದಿಂಡರು ಬಿಟ್ಟು ಬಹಳ ಕಾಲವಾಯಿತು, ಅದಕ್ಕೇ ಇಷ್ಟು ದಿನ ಹೊಳೆಯಲಿಲ್ಲ. ಪರಮಪ್ರಸಾದ, ಅಂದರೆ ಇವರಿಗೆ ಸಾಕ್ಷಾತ್ ಕ್ರಿಸ್ತನ ಶರೀರವೇ ಆದ ರೊಟ್ಟಿಯ ಬಿಲ್ಲೆ, ಇಟ್ಟಿರುವ ಕಡೆ ಹಾಯುವಾಗ ಬಲ ಮೊಣಕಾಲನ್ನು ನೆಲಕ್ಕೆ ತಾಗಿಸುವುದು ಇವರಿಗೆ ಉಸಿರಾಟದಷ್ಟೇ ಅಭ್ಯಾಸ. ಬೇಡವೆಂದರೂ ಕಾಲು ಕೇಳುವುದಿಲ್ಲ. ಪರಮಪ್ರಸಾದ ಗೋಡೆಯೊಳಗಿದೆ. ಅದರ ಜೊತೆಗೆ ಅಪೊಲೋನಿಯೊ ಕೂಡ ಇದ್ದಾನೆ. ಇಲ್ಲದಿದ್ದರೆ ಇವಳು ಚರ್ಚಿನೊಳಗೆ ಜೋಳ ತರಲು ಹೋಗುವಾಗ ಮಡಕೆ ಯಾಕೆ ಬೇಕು? ಊಟ ಒಳಗೆ ದಾಟಿಸಲು ಚರ್ಚಿನ ಕಡೆ ಕಿಂಡಿಯಿದೆಯಲ್ಲ.

ಅವಳು ಬಟ್ಟೆ ತೆಗೆದುಕೊಂಡು ಬಂದಾಗ, “ಮೆಲಿತೋನ್ ಕಟ್ಟಿದ್ದು, ಅಲ್ವಾ ಅಮ್ಮ?” ಅಂದೆ.

ಅವಳು ಬಟ್ಟೆಗಳನ್ನು ಎದೆಗೆ ಒತ್ತಿಕೊಂಡಳು. “ಗೋಡೆ ಇದ್ದಂಗೇ ಬರೀಬೇಕಾ ಮಗಾ? ಅಲ್ಲೊಂದು ಕಡೆ ದಪ್ಪ ಅಂತ ಬರೆದ್ರೆ ಆಗಲ್ವಾ?” ಎಂದಳು. ಮಗಾ ಎಂದು ಕರೆದದ್ದು ಇದೇ ಮೊದಲು.

ಮಾತು ಕೊಟ್ಟೆ. ನಕ್ಷೆಯಲ್ಲಿ ಅಲ್ಲಿ ಗೋಡೆ ದಪ್ಪ ಎಂದೇ ತುಂಬಿದ್ದೇನೆ. ಸುಳ್ಳು ಗೆರೆ ಎಳೆದದ್ದು ಜೀವನದಲ್ಲಿ ಇದೊಂದೇ.

ಏಪ್ರಿಲ್ 12

ಗಣಿಯಿಂದ ಎರಡು ಪೆಟ್ಟಿಗೆ ಡೈನಮೈಟ್ ಬಂದಿದೆ. ಪಾದ್ರಿ ಬೆಟ್ಟಕ್ಕೆ ಹೋಗಲೇ ಇಲ್ಲ, ಚರ್ಚಿಗೂ ಪಡಸಾಲೆಗೂ ನಡುವೆ ಎಲ್ಲೋ ಇದ್ದಾನೆಂದು ತೋಟದಲ್ಲಿ ಯಾರೋ ಬಾಯಿಬಿಟ್ಟಿದ್ದಾನೆ. ಬಾಯಿಬಿಡಿಸಲು ಅವನ ಅಂಗಾಲಿನ ಚರ್ಮ ಸುಲಿದಿದ್ದರಂತೆ. ಅವನಿಗೂ ಅಷ್ಟೇ ಗೊತ್ತಿದ್ದದ್ದು.

“ಅವ ಎಲ್ಲದಾನ ನನಗ ಗೊತ್ತಿಲ್ಲ. ಡೈನಮೈಟಿಗೆ ಗೊತ್ತಾಗ್ತದ,” ಅಂದ ಬೆರುಮೆನ್.

ಇಡೀ ಗೋಡೆ. ನಾಲ್ಕು ಅರ್ಧಚಂದ್ರಗಳು, ಕಮಾನುಗಳು, ಮೇಲಿನ ಸನ್ಯಾಸಿಗಳ ಕೋಣೆಗಳು, ಹಕ್ಕಿ. ಅವನಿಗೆ ಚಿತ್ರ ತೋರಿಸಿದೆ, ಬರೆದವನ ಬಗ್ಗೆ ಹೇಳಿದೆ, ಕೊನೆಗೆ ಕಾಲು ಹಿಡಿಯುವುದೊಂದು ಬಾಕಿ. ರಾಜಧಾನಿಗೆ ತಂತಿ ಕಳಿಸಿದೆ. ತಂತಿಯ ಕಂಬಗಳನ್ನೇ ಬೆಟ್ಟದವರು ಉರುಳಿಸಿದ್ದಾರೆಂದು ಆಮೇಲೆ ತಿಳಿಯಿತು.

“ನಾಳೆ ಮುಂಜಾನೆ,” ಅಂದ. “ನಿಮಗ ಏನರ ಗೊತ್ತಿದ್ರ ಹೇಳ್ರಿ ಇಂಜಿನಿಯರ್ರ. ಪಾದ್ರಿ ನನಗ, ಗ್ವಾಡಿ ನಿಮಗ.”

ಡೈನಮೈಟ್ ಇಟ್ಟರೆ ಒಳಗಿರುವ ಪಾದ್ರಿ ಹೇಗೂ ಸಾಯುತ್ತಾನೆ. ಇದನ್ನು ಯಾವ ಕಡೆಯಿಂದ ನೋಡಿದರೂ ಲೆಕ್ಕ ಅದೇ ಬರುತ್ತದೆ.

ಏಪ್ರಿಲ್ 13

ಹಕ್ಕಿ ಉಳಿಯಿತು.

ನಾನು ಯಾರ ಹೆಸರನ್ನೂ ಹೇಳಲಿಲ್ಲ. ಬೆರಳಿಟ್ಟು ತೋರಿಸಿದ್ದು ಗೋಡೆಯನ್ನು, ಮನುಷ್ಯನನ್ನಲ್ಲ. ತಟ್ಟೆಯ ಕೆಳಗೆ ಮೊಳದಷ್ಟು ಜಾಗ ಬಿಟ್ಟು ಇದ್ದಿಲಿನಿಂದ ಗುರುತು ಹಾಕಿಕೊಟ್ಟೆ, ಅದರಾಚೆ ಪಿಕಾಸಿ ತಾಗಕೂಡದು ಎಂದೆ. ಅರ್ಧಚಂದ್ರಕ್ಕೆ ನನ್ನ ಹಾಸಿಗೆಯ ದುಪ್ಪಟಿ ಕಟ್ಟಿದೆ, ಧೂಳು ಕೂರದಿರಲಿ ಎಂದು. ಮೆಲ್ಲಗೆ, ಮೆಲ್ಲಗೆ ಎಂದು ನಾನು ಹೇಳುತ್ತಲೇ ಇದ್ದೆ. ಸೈನಿಕರು ನಕ್ಕರು, ಆದರೂ ಮೆಲ್ಲಗೇ ಅಗೆದರು.

ಒಳಗಿನಿಂದ ಮೊದಲು ನಾತ ಬಂತು. ಆಮೇಲೆ ಒಬ್ಬ ಸಣ್ಣ ಮನುಷ್ಯ, ಎದೆಯವರೆಗೆ ಗಡ್ಡ, ಬೆಳಕಿಗೆ ಕಣ್ಣು ಮುಚ್ಚಿಕೊಂಡಿದ್ದ. “ಬೆಳಗಾಯ್ತೇನಪ್ಪ?” ಎಂದು ಕೇಳಿದ. ಕೈಯಲ್ಲಿ ಮುಚ್ಚಳದ ಬೆಳ್ಳಿ ಬಟ್ಟಲು. ಸಾರ್ಜೆಂಟ್ ಬಂದೂಕಿನ ಹಿಡಿಯಿಂದ ಅವನ ಬಾಯಿಗೆ ಗುದ್ದಿದ. ಹಲ್ಲುಗಳೂ ಬಟ್ಟಲಿನ ಪರಮಪ್ರಸಾದವೂ ಒಟ್ಟಿಗೇ ಕಲ್ಲುಹಾಸಿನ ಮೇಲೆ ಚೆಲ್ಲಿದವು.

ಆಗ ವಿಚಿತ್ರವಾಯಿತು. ಸೈನಿಕರು ಕಾಲೆತ್ತಿ ಹಿಂದೆ ಸರಿದರು. ಎಲ್ಲರಿಗೂ ದೀಕ್ಷಾಸ್ನಾನವಾಗಿದೆಯಲ್ಲ, ತುಳಿಯಲು ಯಾರೂ ತಯಾರಿಲ್ಲ. ಕ್ಯಾಪ್ಟನ್ ಬೈಯುತ್ತಿದ್ದ. ಅಷ್ಟರಲ್ಲಿ ಅಡುಗೆಯವಳು ಬಂದಳು. ಹಿಟ್ಟಿನ ಕೈ ಹಾಗೇ ಇತ್ತು. ಮೊಣಕಾಲೂರಿ, ಹಿಟ್ಟಿನ ಕೈ ತಾಗಿಸದೆ, ಒಂದೊಂದನ್ನೂ ನೆಲದಿಂದ ನಾಲಿಗೆಯಲ್ಲೇ ಎತ್ತಿಕೊಂಡು ನುಂಗತೊಡಗಿದಳು. ಸಾರ್ಜೆಂಟ್ ಬಂದೂಕಿನಿಂದ ಅವಳ ಕುತ್ತಿಗೆಗೆ ಹೊಡೆದ. ನಿಲ್ಲಿಸಲಿಲ್ಲ. ಮತ್ತೆ ಹೊಡೆದ. ತೆವಳಿಕೊಂಡು ಮುಂದೆ ಹೋದಳು. ಕೊನೆಯದೊಂದು ಗೋಡೆಯ ಬುಡದಲ್ಲಿ, ಪಾದ್ರಿಯ ರಕ್ತದಲ್ಲಿ ಅಂಟಿತ್ತು. ಅದನ್ನು ಬಾಯಿಗೆ ತೆಗೆದುಕೊಂಡ ಮೇಲೆ ಅವಳು ಏಳಲಿಲ್ಲ. ಸಾರ್ಜೆಂಟ್ ಆಮೇಲೂ ಹೊಡೆಯುತ್ತಿದ್ದ, ಅವನ ತಮ್ಮನ ನೆನಪಿರಬೇಕು. ನನ್ನ ಕಡೆ ಅವಳು ಒಮ್ಮೆಯೂ ನೋಡಲಿಲ್ಲ. ನೋಡಿದ್ದರೆ ವಿವರಿಸುತ್ತಿದ್ದೆ.

ಪಾದ್ರಿಯನ್ನು ಅಲ್ಲೇ ಗೋಡೆಗೆ ಒರಗಿಸಿ ನಿಲ್ಲಿಸಿದರು. ಬಂದೂಕು ಎತ್ತಿದಾಗ ನಾನು ಕೂಗಿಕೊಂಡೆ: “ಬೇಡ, ಇಲ್ಲಿ ಬೇಡ.” ಅವನು ಒಡೆದ ಬಾಯಿಯಲ್ಲೇ ನನ್ನ ಕಡೆ ತಿರುಗಿ, “ದೇವರು ನಿಂಗೆ ಒಳ್ಳೇದು ಮಾಡ್ಲಿ ಮಗಾ” ಎಂದ. ಏನೋ ತಪ್ಪು ತಿಳಿದುಕೊಂಡಿದ್ದ. ಕ್ಯಾಪ್ಟನ್ ನಕ್ಕು, ತೋಟಕ್ಕೆ ಕರೆದೊಯ್ಯಲು ಹೇಳಿದ.

ದುಪ್ಪಟಿ ಬಿಚ್ಚಿ ನೋಡಿದೆ. ಒಂದು ಗೀರೂ ಬಿದ್ದಿಲ್ಲ.

ಏಪ್ರಿಲ್ 15

ಶುಭ ಶುಕ್ರವಾರವಂತೆ. ಊರಿನಲ್ಲಿ ಒಂದು ನಾಯಿಯೂ ಬೊಗಳುತ್ತಿಲ್ಲ. ಊಟ ಚೆನ್ನಾಗಿಲ್ಲ, ಸೈನಿಕನೊಬ್ಬ ಬೇಯಿಸುತ್ತಿದ್ದಾನೆ.

ಒಡೆದ ಬಾಗಿಲಿನ ಪಕ್ಕದಲ್ಲಿ ನೆಲದಿಂದ ಸೊಂಟದೆತ್ತರಕ್ಕೆ ಹೂಬಳ್ಳಿಯ ಪಟ್ಟಿಯೊಂದು ಸುಣ್ಣದಡಿಯಿಂದ ಹೊರಬಂದಿದೆ. ಅದರ ಮೇಲೆ ರಕ್ತದ ಚುಕ್ಕೆಗಳು. ನೀರು ತಾಗಿಸುವಂತಿಲ್ಲ. ಅಡುಗೆಮನೆಯ ಬುಟ್ಟಿಯಲ್ಲಿ ಅಡುಗೆಯವಳು ಸುಟ್ಟಿಟ್ಟಿದ್ದ ಕೊನೆಯ ಬ್ರೆಡ್ಡುಗಳಿದ್ದವು, ಚೆನ್ನಾಗಿ ಒಣಗಿದ್ದವು. ತಿರುಳು ತೆಗೆದು ಉಂಡೆ ಮಾಡಿ ಉಜ್ಜಿದೆ. ಬಣ್ಣ ಸ್ವಲ್ಪವೂ ಏಳಲಿಲ್ಲ. ಉಂಡೆಗಳು ಕಂದು ಬಣ್ಣಕ್ಕೆ ತಿರುಗಿದವು, ಒಲೆಗೆ ಹಾಕಿದೆ. ಒಲೆಯ ಮೇಲಿನ ಗೂಡಿನಲ್ಲಿ ಯಾರದೋ ಹಳೆಯ ಚಪ್ಪಲಿ ಒಂದೇ ಇತ್ತು. ಅದನ್ನೂ ಹಾಕಿದೆ, ಅಡುಗೆಮನೆಯಲ್ಲಿ ಚಪ್ಪಲಿ ಇಡುವುದೇನು ಪದ್ಧತಿ.

ಏಪ್ರಿಲ್ 21

ಬಾಗಿಲನ್ನು ನಾನೇ ನಿಂತು ಮುಚ್ಚಿಸಿದೆ. ಊರಿನ ಗಾರೆಯವರು ಯಾರೂ ಬರಲಿಲ್ಲ. ಒಬ್ಬ ಇದ್ದನಂತೆ, ಒಳ್ಳೆಯ ಕೈ, ನಾನು ಬಂದ ದಿನವೇ ಹೋದ. ಹೆಸರು ಮರೆತಿದೆ. ಕೊನೆಗೆ ಪಾಪಸುಕಳ್ಳಿ ಕಡಿದು, ನೆನೆಹಾಕಿ, ಲೋಳೆ ಹಿಂಡಿ ಸುಣ್ಣಕ್ಕೆ ಬೆರೆಸುವ ಕೆಲಸವೆಲ್ಲ ನನ್ನ ತಲೆಗೇ ಬಿತ್ತು. ಕೈತುಂಬ ಮುಳ್ಳು.

ಮುಚ್ಚುವ ಮೊದಲು ಗೂಡಿನ ಒಳಗಿನ ಅಳತೆ ತೆಗೆದುಕೊಂಡೆ. ನಕ್ಷೆಯನ್ನು ಸರಿಪಡಿಸಿದ್ದೇನೆ, ಈಗ ಎಲ್ಲ ತಾಳೆಯಾಗುತ್ತದೆ. ಆ ಸುಳ್ಳು ಗೆರೆ ಇಷ್ಟು ದಿನ ಕಣ್ಣಿಗೆ ಚುಚ್ಚುತ್ತಿತ್ತು.

ಏಪ್ರಿಲ್ 26

ಕೆಲಸ ಮುಗಿಯಿತು. ನಾಳೆ ಗಾಡಿ ಬರುತ್ತದೆ. ಬೆರುಮೆನ್ ಒಂದು ಬಾಟಲಿ ಮೆಸ್ಕಾಲ್ ಸಾರಾಯಿ ಕೊಟ್ಟ. “ನಿಮ್ಮಂಥಾವ್ರು ಇನ್ನೊಬ್ರಿದ್ರ ಈ ಊರು ಎಂದೋ ತಣ್ಣಗಾಗ್ತಿತ್ತು” ಅಂದ. ಅವನ ತಮಾಷೆ ನನಗೆ ಹಿಡಿಸುವುದಿಲ್ಲ. ವರದಿಯಲ್ಲಿ ಠಾಣೆಯವರ ಸಹಕಾರಕ್ಕೆ ಒಂದು ಸಾಲು ಬರೆದಿದ್ದೇನೆ, ಬರೆಯದಿದ್ದರೆ ನ್ಯಾಯವಲ್ಲ.

ಬಲ ಮೊಣಕಾಲು ಕೈಕೊಡುತ್ತಿದೆ. ಸುಣ್ಣದ ಕೆಲಸಕ್ಕೆ ಕೂತು ಎದ್ದು ಮಾಡಿದ್ದಕ್ಕಿರಬೇಕು. ಮೊನ್ನೆ ಹಕ್ಕಿಯ ಮುಂದೆ ಹಾಯುವಾಗ ತಟಕ್ಕನೆ ಮಡಚಿತು, ಚಿಪ್ಪು ಕಲ್ಲಿಗೆ ಬಡಿಯಿತು. ನಿನ್ನೆಯೂ ಅಲ್ಲೇ. ಇವತ್ತು ಬೇಕೆಂದೇ ಗೋಡೆ ಹಿಡಿದುಕೊಂಡು ನಡೆದೆ, ಆದರೂ ಮಡಚಿತು. ಕಾವಲಿನ ಸೈನಿಕ ನೋಡಿದ, ಟೋಪಿ ತೆಗೆದು ತಲೆ ತಗ್ಗಿಸಿದ. ಮೊದ್ದ.

ಅಡುಗೆಮನೆಯಲ್ಲಿ ನನ್ನ ಆರ್ನಿಕಾ ಡಬ್ಬಿ ಸಿಕ್ಕಿತು. ಅಡುಗೆಯವಳು ಅದರ ಮುಚ್ಚಳವನ್ನೂ ತೆರೆದಿರಲಿಲ್ಲ. ದಪ್ಪಗೆ ಹಚ್ಚಿಕೊಂಡು ಬಟ್ಟೆ ಸುತ್ತಿದ್ದೇನೆ. ಇಂಥ ಶೀತದ ಕಟ್ಟಡದಲ್ಲಿ ಇದೆಲ್ಲ ಆಗುವಂಥದ್ದೇ. ನಾಳೆ ಹೊರಡುವಾಗ ಟ್ರಂಕನ್ನು ಪಡಸಾಲೆಯಿಂದ ಬೇಡ, ತೋಟದ ಕಡೆಯಿಂದ ಸಾಗಿಸಲು ಹೇಳಬೇಕು.